ಉತ್ತರಕ್ಕೆ ಮೊದಲು ಪ್ರಶ್ನೆಯನ್ನು ಓದೋಣ

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ನೆಟ್‌ನಲ್ಲಿ ಸಿಕ್ಕಿದ್ದನ್ನೆಲ್ಲ ನಂಬುತ್ತಾರೆ ಎಂಬುದು ಮೇಷ್ಟರುಗಳ ಹಳೆಯ ದೂರು. ನೋಯ್ಡಾದಲ್ಲಿ ಅನುವಾದದ ಜೊತೆಗೆ ನಾನು ಇಲ್ಲಿನ ಕಾಲೇಜು ಹುಡುಗರ ಪ್ರಬಂಧಗಳನ್ನೂ ತಿದ್ದಿಕೊಡುತ್ತೇನೆ. ಅವನ್ನು ಓದುತ್ತ ನನಗನ್ನಿಸಿದ್ದು ಬೇರೆ. ದಾರಿ ತಪ್ಪುವುದು ಉತ್ತರವನ್ನು ನಂಬುವಾಗಲ್ಲ. ಅದಕ್ಕೂ ಮೊದಲು, ಪ್ರಶ್ನೆಯನ್ನು ಟೈಪ್ ಮಾಡುವಾಗ.

ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. 2021ರ ಜೂನ್ ಮೊದಲ ವಾರ ನೆನಪಿದೆಯಲ್ಲ? ಭಾರತದ ಅತ್ಯಂತ ಕೊಳಕು ಭಾಷೆ ಯಾವುದು ಎಂದು ಇಂಗ್ಲಿಷಿನಲ್ಲಿ ಕೇಳಿದವರಿಗೆ ಗೂಗಲ್ ‘ಕನ್ನಡ’ ಎಂದು ತೋರಿಸಿತು. ನಾವೆಲ್ಲ ಸಿಟ್ಟಾದೆವು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ನೋಟಿಸ್ ಕೊಡುವುದಾಗಿ ಹೇಳಿದರು. ಗೂಗಲ್ ಉತ್ತರವನ್ನು ತೆಗೆದು ಕ್ಷಮೆ ಕೇಳಿತು. ಸಿಟ್ಟು ನ್ಯಾಯವಾದದ್ದೇ. ಆದರೆ ಪ್ರಶ್ನೆಯ ಕಡೆ ನೋಡಿದವರು ಕಡಿಮೆ. ‘ಅತ್ಯಂತ ಕೊಳಕು ಭಾಷೆ ಯಾವುದು’ ಎಂಬ ಮಾತಿನೊಳಗೆ, ಭಾಷೆಗಳಲ್ಲಿ ಕೊಳಕು-ಚೆಂದದ ಮೆಟ್ಟಿಲುಗಳಿವೆ ಎಂಬ ಹೇಳಿಕೆ ಅಡಗಿ ಕೂತಿದೆ. ‘ನಿಮ್ಮ ಪ್ರಶ್ನೆಯೇ ಸರಿಯಿಲ್ಲ’ ಎಂದು ಯಂತ್ರ ಹೇಳಲಿಲ್ಲ. ಕೇಳಿದ ಪದಗಳಿಗೆ ಹೊಂದುವ ಒಂದು ಸಾಲನ್ನು ಎಲ್ಲಿಂದಲೋ ಎತ್ತಿಕೊಟ್ಟಿತು, ಅಷ್ಟೆ.

ವಿದ್ಯಾರ್ಥಿಗಳ ಪ್ರಬಂಧಗಳಲ್ಲೂ ಇದೇ ಕತೆ. ‘ಕಂಪ್ಯೂಟರಿಗೆ ಸಂಸ್ಕೃತವೇ ಅತ್ಯುತ್ತಮ ಭಾಷೆ ಏಕೆ?’ ಎಂದು ಹುಡುಕಿದರೆ, ನಾಸಾ ಹಾಗೆ ಘೋಷಿಸಿದೆ ಎನ್ನುವ ಪುಟಗಳು ಸಾಲುಗಟ್ಟಿ ಬರುತ್ತವೆ. ಅವುಗಳ ಜಾಡು ಹಿಡಿದು ಹೋದರೆ ಸಾಮಾನ್ಯವಾಗಿ ಸಿಗುವುದು ಒಂದೇ ಲೇಖನ: ನಾಸಾದ ಏಮ್ಸ್ ಕೇಂದ್ರದಲ್ಲಿದ್ದ ರಿಕ್ ಬ್ರಿಗ್ಸ್ 1985ರಲ್ಲಿ ‘ಎಐ ಮ್ಯಾಗಜೀನ್’ಗೆ ಬರೆದದ್ದು. ಸಂಸ್ಕೃತದ ವೈಯಾಕರಣರು ವಾಕ್ಯದ ಅರ್ಥವನ್ನು ಬಿಡಿಸಿಟ್ಟ ಕ್ರಮಕ್ಕೂ ಕಂಪ್ಯೂಟರಿನಲ್ಲಿ ಜ್ಞಾನವನ್ನು ನಿರೂಪಿಸುವ ಕ್ರಮಕ್ಕೂ ಇರುವ ಹೋಲಿಕೆ ಅದರ ವಿಷಯ. ಓದಬೇಕಾದ ಲೇಖನವೇ, ಆದರೆ ಅದು ನಾಸಾದ ಘೋಷಣೆಯಲ್ಲ. ‘ಏಕೆ’ ಎಂದು ಕೇಳಿದವರಿಗೆ ಕಾರಣಗಳು ಸಿಗುತ್ತವೆ, ‘ಹೌದೇ’ ಎಂದು ಕೇಳಿದವರಿಗೆ ಮಾತ್ರ ಈ ಲೇಖನ ಸಿಗುತ್ತದೆ. ‘ಕನಿಷ್ಠ ಐದು ಆಕರ ಕೊಡಿ’ ಎನ್ನುವ ಅಸೈನ್‌ಮೆಂಟ್ ಇದನ್ನು ಹಿಡಿಯಲಾರದು. ಒಂದೇ ಬೇರಿನ ಐದು ಎಲೆಗಳೂ ಐದೆಂದೇ ಲೆಕ್ಕ.

ಬುದ್ಧಿವಂತಿಕೆ ಇದ್ದರೆ ಸಾಕೆಂದೂ ಅಲ್ಲ. ಸ್ಟ್ಯಾನ್‌ಫರ್ಡ್‌ನ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 10 ಇತಿಹಾಸಕಾರರು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು ಮತ್ತು 10 ವೃತ್ತಿಪರ ಫ್ಯಾಕ್ಟ್‌ಚೆಕರ್‌ಗಳಿದ್ದರು. ಇತಿಹಾಸಕಾರರೂ ಹುಡುಗರೂ ಹೆಚ್ಚಾಗಿ ಪುಟದೊಳಗೇ ಕೂತು ಓದಿ, ಚೆಂದದ ಲೋಗೊ, ಗಂಭೀರ ಹೆಸರುಗಳಿಗೆ ಮರುಳಾದರು. ಫ್ಯಾಕ್ಟ್‌ಚೆಕರ್‌ಗಳು ಬೇಗನೆ ಪುಟ ಬಿಟ್ಟು ಹೊಸ ಟ್ಯಾಬ್ ತೆರೆದು, ಇದನ್ನು ಹೇಳುತ್ತಿರುವವರು ಯಾರು ಎಂದು ಹೊರಗೆ ವಿಚಾರಿಸಿದರು.

ವಾರಕ್ಕೆ ನಾಲ್ಕು ಅಸೈನ್‌ಮೆಂಟ್ ಇರುವ ಹುಡುಗಿಗೆ ಇಷ್ಟಕ್ಕೆಲ್ಲ ಪುರಸೊತ್ತೆಲ್ಲಿ ಎನ್ನಬಹುದು. ನಿಜ. ಅದಕ್ಕೇ ಹೊರೆಯನ್ನು ಅವಳೊಬ್ಬಳ ಮೇಲೆ ಹೊರಿಸಬಾರದು. ಆಕರಗಳ ಸಂಖ್ಯೆಗೆ ಕೊಡುವ ಅಂಕಗಳಲ್ಲಿ ಅರ್ಧವನ್ನು ಒಂದು ಪುಟಕ್ಕೆ ಕೊಡಿ: ಮೊದಲು ಏನೆಂದು ಹುಡುಕಿದೆ, ಎದುರು ಪಕ್ಷದವರು ಇದೇ ಪ್ರಶ್ನೆಯನ್ನು ಹೇಗೆ ಕೇಳುತ್ತಿದ್ದರು, ಹಾಗೆ ಹುಡುಕಿದಾಗ ಏನು ಬದಲಾಯಿತು? ಯಾವ ಪ್ರಶ್ನೆ ಹಾಕಿದರೂ ಚಾಟ್‌ಬಾಟ್ ನಯವಾದ ಪ್ರಬಂಧ ಬರೆದುಕೊಡುವ ಈ ಕಾಲದಲ್ಲಿ, ವಿದ್ಯಾರ್ಥಿಯದ್ದೇ ಎಂದು ಹೇಳಬಹುದಾದ ಕೆಲಸ ಇದೊಂದೇ ಉಳಿಯಬಹುದು.

ಈ ಅಳತೆಗೋಲು ನಮಗೂ ಇರಲಿ. ಕನ್ನಡ ಲಿಪಿಯನ್ನು ವಿನೋಬಾ ಭಾವೆಯವರು ‘ಲಿಪಿಗಳ ರಾಣಿ’ ಎಂದರು ಎಂದು ಪ್ರತಿ ನವೆಂಬರ್‌ನಲ್ಲೂ ಫಾರ್ವರ್ಡ್ ಮಾಡುತ್ತೇವೆ. ಎಲ್ಲಿ ಅಂದರು, ಯಾವಾಗ, ಯಾವ ಮಾತಿನ ನಡುವೆ ಎಂದು ನಮ್ಮಲ್ಲಿ ಎಷ್ಟು ಮಂದಿ ಹುಡುಕಿದ್ದೇವೆ? ‘ಕೊಳಕು’ ಎಂದಾಗ ಪುರಾವೆ ಕೇಳಿದವರು ‘ರಾಣಿ’ ಎಂದಾಗಲೂ ಕೇಳಬೇಕು. ಹುಡುಗರು ಕಲಿಯುವುದು ನಮ್ಮನ್ನು ನೋಡಿಯೇ.