ಚೆಕ್ಕು ಕೊಟ್ಟರೆ ಮುಗಿಯಿತೇ? ರೈತನ ಹೆಂಡತಿಗೆ ಆಸರೆ ಎಲ್ಲಿ?



ಬೆಳಗಾವಿಯ ಸುವರ್ಣಸೌಧದಲ್ಲಿ ಚಳಿಗಾಲದ ಅಧಿವೇಶನ ಹತ್ತಿರ ಬಂತು. ರೈತರ ಆತ್ಮಹತ್ಯೆಯ ಚರ್ಚೆ ಈ ಸಲವೂ ನಡೆಯುತ್ತದೆ. ಸತ್ತವರ ಲೆಕ್ಕ ಓದಿ, ಬದುಕಿರುವವರನ್ನು ಮರೆಯುತ್ತಾರೆ. 2022ರಲ್ಲಿ ಕರ್ನಾಟಕದ ರೈತರು, ಕೃಷಿ ಕೂಲಿಗಳು ಸೇರಿ 2,392 ಮಂದಿ ಆತ್ಮಹತ್ಯೆ ಮಾಡಿಕೊಂಡರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಹೇಳಿದೆ. ಈ ಲೆಕ್ಕದಲ್ಲಿ ನಮಗಿಂತ ಮುಂದಿರುವುದು ಮಹಾರಾಷ್ಟ್ರ ಮಾತ್ರ. ಹೀಗೆ ಗಂಡನನ್ನು ಕಳೆದುಕೊಂಡ ರೈತ ಹೆಂಗಸಿಗೆ ಸರ್ಕಾರ ಗೊತ್ತುಮಾಡಿರುವುದು 5 ಲಕ್ಷ ರೂಪಾಯಿ ಪರಿಹಾರ, ತಿಂಗಳಿಗೆ 2,000 ರೂಪಾಯಿ ಮಾಸಾಶನ. ಅದೂ ಪಹಣಿ ಯಾರ ಹೆಸರಲ್ಲಿದೆ, ಸಾಲ ಬ್ಯಾಂಕಿನದೋ ಕೈಸಾಲವೋ ಎಂದೆಲ್ಲ ಜಾಲಾಡಿದ ಮೇಲೆ. ಗಂಡ ಸತ್ತ ಬಗೆಯನ್ನು ಆಕೆ ಪೊಲೀಸರಿಗೆ ಹೇಳಬೇಕು, ಕಂದಾಯದವರಿಗೆ ಹೇಳಬೇಕು, ಕೃಷಿ ಇಲಾಖೆಯವರಿಗೆ ಮತ್ತೆ ಹೇಳಬೇಕು. ನಿದ್ದೆ ಹೋದದ್ದು, ಬಾಗಿಲು ಸದ್ದಾದರೆ ಎದೆ ಹೊಡೆದುಕೊಳ್ಳುವುದು, ಹೊಲಕ್ಕೆ ಕಾಲಿಡಲಾಗದ್ದು ಇವರ್ಯಾರ ಕಡತಕ್ಕೂ ಬೇಕಿಲ್ಲ!

ಮಾನಸಿಕ ಆರೋಗ್ಯದ ಸಹಾಯವಾಣಿ 14416 ಇದೆಯಲ್ಲ ಎನ್ನುತ್ತಾರೆ. ಇರಲಿ, ಬೇಕು. ಆದರೆ ಮನೆಯ ಒಂದೇ ಮೊಬೈಲು ಮಾವನ ಜೇಬಿನಲ್ಲಿದ್ದರೆ ಅವಳು ಏನು ಮಾತಾಡಿಯಾಳು? ಸ್ತ್ರೀಶಕ್ತಿ ಸಂಘಗಳಿವೆ ಎನ್ನುತ್ತಾರೆ. ವಾರದ ಕಂತು ಕಟ್ಟಲು ತಲೆ ತಗ್ಗಿಸಿ ಹೋಗುವ ಜಾಗದಲ್ಲಿ ಯಾರು ಮನಸ್ಸು ಬಿಚ್ಚುತ್ತಾರೆ? ಬಂಧುಬಳಗವಿದೆ ಎನ್ನುವವರಿಗೆ ನಾಚಿಕೆಯಾಗಬೇಕು: ಗಂಡನನ್ನು ನುಂಗಿದಳೆಂದು ಮೂದಲಿಸುವುದೂ ಅದೇ ಬಳಗ, ಪರಿಹಾರದ ಹಣಕ್ಕೆ ಕಣ್ಣಿಡುವುದೂ ಅದೇ ಬಳಗ. ಇನ್ನು ರೈತ ಮುಖಂಡರೇ, ಶವದ ಮುಂದೆ ಧರಣಿ ಕೂರುತ್ತೀರಿ, ಸಾಲಮನ್ನಾ ಕೇಳುತ್ತೀರಿ, ಅದು ನ್ಯಾಯವೇ. ತಿಥಿಯ ಮರುದಿನ ಆ ಮನೆಯ ಹೊಸ್ತಿಲು ತುಳಿದವರು ನಿಮ್ಮಲ್ಲಿ ಎಷ್ಟು ಮಂದಿ? ನಿಮ್ಮ ಬೇಡಿಕೆಪಟ್ಟಿಯಲ್ಲಿ ಅವಳ ಮನಸ್ಸಿಗೆ ಒಂದು ಸಾಲಾದರೂ ಜಾಗವಿದೆಯೇ?

ಮನಸ್ಸಿನ ಆರೈಕೆ ಈ ನಾಡಿಗೆ ಹೊಸದಲ್ಲ. 1980ರ ದಶಕದಲ್ಲಿ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿ ತೋರಿಸಿದ ಮಾದರಿಯಿಂದಲೇ 1996ರಲ್ಲಿ ದೇಶಕ್ಕೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ದೇಶಕ್ಕೆ ದಾರಿ ತೋರಿಸಿದ ನಾಡು ತನ್ನ ಹೆಣ್ಣುಮಕ್ಕಳಿಗೆ ಹಣವಿಲ್ಲ ಎಂದರೆ ನಾವು ಒಪ್ಪುವುದಿಲ್ಲ. ಇದೇ ನೋವು ಉಂಡ ಹೆಂಗಸರು ಸಾಲ, ಕಂತಿನ ಮಾತಿಲ್ಲದೆ ಒಟ್ಟಿಗೆ ಕೂರುವ ಗುಂಪು ಹೋಬಳಿಗೊಂದು ಬೇಕು. ಮಕ್ಕಳನ್ನೂ ದನಕರುಗಳನ್ನೂ ಬೇರೊಬ್ಬರು ನೋಡಿಕೊಂಡು, ಅವಳು ನಾಲ್ಕು ದಿನ ಹೋಗಿ ನೆಮ್ಮದಿಯಾಗಿ ಮಲಗಿ ಏಳುವಂಥ ತಂಗುಮನೆ ಬೇಕು. ನಿಮ್ಮ ಶಾಸಕರು ಅಧಿವೇಶನಕ್ಕೆ ಹೊರಡುವ ಮೊದಲೇ ಅವರನ್ನು ಕಂಡು, ಈ ಮಾತನ್ನು ಸದನದಲ್ಲಿ ಎತ್ತುತ್ತೇನೆಂದು ಬರೆಸಿಕೊಳ್ಳಿ.