ಮದುವೆ ಮದ್ದಲ್ಲ

ಕುಡಿತ ಬಿಟ್ಟು ಇನ್ನೂ ಮೂರು ತಿಂಗಳಾಗಿರುವುದಿಲ್ಲ, ಮನೆಯಲ್ಲಿ ಹೆಣ್ಣು ನೋಡುವ ಓಡಾಟ ಶುರುವಾಗುತ್ತದೆ. ‘ಒಂದು ಮದುವೆ ಮಾಡಿಬಿಡಿ, ಜವಾಬ್ದಾರಿ ಬಂದರೆ ತಾನೇ ಸರಿಹೋಗುತ್ತಾನೆ’ ಎಂದು ನೆಂಟರು ಹುರಿದುಂಬಿಸುತ್ತಾರೆ. ಹಿರಿಯರು ಮುಂದಾಗದ ಕಡೆ, ಚಿಕಿತ್ಸಾ ಕೇಂದ್ರದಿಂದ ಬಂದ ಹುಡುಗನೋ ಹುಡುಗಿಯೋ ತಾವೇ ಹೊಸ ಪ್ರೇಮಕ್ಕೆ ಆತುಕೊಳ್ಳುತ್ತಾರೆ. ಮೊದಲ ವರ್ಷದಲ್ಲಿ ಇವೆರಡೂ ಬೇಡ.

ಕುಡಿತ ನಿಲ್ಲಿಸಿದಾಗ ಬರುವ ಕೈನಡುಕ, ಬೆವರು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಇಳಿಯುತ್ತವೆ. ಕೆಟ್ಟ ನಿದ್ದೆ, ಕಾರಣವಿಲ್ಲದ ಸಿಡುಕು, ಯಾವುದರಲ್ಲೂ ರುಚಿಯಿಲ್ಲದ ಮಂಕು ಮಾತ್ರ ತಿಂಗಳುಗಟ್ಟಲೆ ಕಾಡಬಹುದು. ಮದ್ಯ ಮಿದುಳಿನ ಡೋಪಮಿನ್ ವ್ಯವಸ್ಥೆಯನ್ನು ಏರುಪೇರು ಮಾಡಿರುತ್ತದೆ. ಹಾಗಾಗಿ ಊಟ, ಹರಟೆ, ಕೆಲಸದಂಥ ದಿನನಿತ್ಯದ ಸುಖಗಳು ಸಪ್ಪೆ ಎನಿಸುತ್ತವೆ. ಆ ಹೊತ್ತಿನಲ್ಲಿ ಹುಟ್ಟಿದ ಪ್ರೇಮ ಬಾಟಲಿ ಖಾಲಿ ಬಿಟ್ಟ ಜಾಗದಲ್ಲೇ ಬಂದು ಕೂರುತ್ತದೆ. ಪ್ರೀತಿಸಿದವರು ಫೋನ್ ಎತ್ತಿದರೆ ಹಬ್ಬ, ಎತ್ತದಿದ್ದರೆ ದಿನವೆಲ್ಲ ತಳಮಳ. ಮತ್ತೆ ಕುಡಿತಕ್ಕೆ ಜಾರುವ ಸಂದರ್ಭಗಳನ್ನು ಅಧ್ಯಯನ ಮಾಡಿದ ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಮುಖ್ಯವಾಗಿ ಮೂರನ್ನು ಗುರುತಿಸಿದರು: ಕುಗ್ಗಿದ ಮನಸ್ಸು, ಹತ್ತಿರದವರೊಡನೆ ಜಗಳ, ಸುತ್ತಲಿನವರ ಒತ್ತಡ. ಹೊಸ ಸಂಬಂಧವೊಂದು ಈ ಮೂರನ್ನೂ ಒಟ್ಟಿಗೇ ತರಬಲ್ಲದು.

1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಹುಟ್ಟಿದ, ಕುಡಿತ ಬಿಡುವವರ ಬಳಗವಾದ ಆಲ್ಕೊಹಾಲಿಕ್ಸ್ ಅನಾನಿಮಸ್‌ನ ಸಭೆಗಳಲ್ಲಿ ‘ಮೊದಲ ವರ್ಷ ಹೊಸ ಸಂಬಂಧ ಬೇಡ’ ಎಂಬ ಬುದ್ಧಿಮಾತು ಬಳಕೆಯಲ್ಲಿದೆ. ಅದು ಅವರ ಹನ್ನೆರಡು ಹೆಜ್ಜೆಗಳಲ್ಲಿ ಇಲ್ಲ. ಬಿದ್ದು ಎದ್ದವರು ಹೊಸಬರಿಗೆ ಹೇಳುತ್ತ ಬಂದ ಅನುಭವದ ಮಾತು. ಹಳಬರು ಹೊಸದಾಗಿ ಬಂದವರ, ಅದರಲ್ಲೂ ಹೆಣ್ಣುಮಕ್ಕಳ, ದುರ್ಬಲ ಗಳಿಗೆಯನ್ನು ಬಳಸಿಕೊಳ್ಳಬಾರದೆಂಬ ಎಚ್ಚರವೂ ಅಲ್ಲಿದೆ. ನಮ್ಮಲ್ಲೇ ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಎಂಟು ದಿನಕ್ಕೆ ಮುಗಿದರೂ, ಆಮೇಲೆ ಕುಡಿತ ಬಿಟ್ಟವರನ್ನು ನವಜೀವನ ಸಮಿತಿಗಳಲ್ಲಿ ಸೇರಿಸುತ್ತಾರೆ. ಶಿಬಿರ ಮುಗಿದ ಮೇಲೂ ಆಸರೆ ಬೇಕೆಂಬುದು ಅದನ್ನು ನಡೆಸುವವರಿಗೆ ಗೊತ್ತು.

ಗೊತ್ತಿಲ್ಲದಿರುವುದು ಹೆಣ್ಣಿನ ಮನೆಯವರಿಗೆ, ಏಕೆಂದರೆ ಗಂಡಿನ ಕಡೆಯವರು ಹುಡುಗನ ಕುಡಿತದ ಸಂಗತಿಯನ್ನೇ ಅವರಿಂದ ಮುಚ್ಚಿಟ್ಟಿರುತ್ತಾರೆ. ಮದುವೆಯಾಗಿ ಬಂದವಳಿಗೆ ಕೇಳದೆಯೇ ದಾದಿಯ ಕೆಲಸ, ಕಾವಲಿನ ಕೆಲಸ ಎರಡೂ ಬೀಳುತ್ತವೆ. ಗಂಡ ಮತ್ತೆ ಕುಡಿದ ದಿನ ಅವಳ ಕಾಲ್ಗುಣದ ಮಾತು ಬರುತ್ತದೆ. ಮಗನ ಮೇಲಿನ ಪ್ರೀತಿಯ ಹೆಸರಿನಲ್ಲಿ ಇನ್ನೊಬ್ಬರ ಮಗಳಿಗೆ ಮಾಡುವ ಈ ಮೋಸವನ್ನು ಯಾವ ಶಾಸ್ತ್ರ, ಯಾವ ಸಂಪ್ರದಾಯವೂ ಸಮರ್ಥಿಸಲಾರದು.

ಚಟದಿಂದ ಹೊರಬಂದವರಿಗೆ ಪ್ರೀತಿಯ, ಸಂಸಾರದ ಹಕ್ಕಿಲ್ಲವೆಂದು ಯಾರೂ ಹೇಳಬಾರದು. ಅಂಥವರು ಒಳ್ಳೆಯ ಗಂಡ, ಒಳ್ಳೆಯ ಹೆಂಡತಿ ಆಗುತ್ತಾರೆ. ಅದಕ್ಕೆ ಸಮಯ ಬೇಕು. ಆ ಒಂದು ವರ್ಷ ನಿದ್ದೆ ಸರಿಯಾಗಲಿ, ಕೆಲಸ ಗಟ್ಟಿಯಾಗಲಿ, ಸಾಲ ತೀರುತ್ತ ಬರಲಿ, ಸಭೆ ಮತ್ತು ವೈದ್ಯರ ಭೇಟಿ ತಪ್ಪದಿರಲಿ. ಬೇಸರವಾದ ಸಂಜೆಯನ್ನು ಕುಡಿಯದೆ ಕಳೆಯುವುದು ರೂಢಿಯಾಗಲಿ. ಈಗಾಗಲೇ ಮದುವೆಯಾದವರು ದೂರವಾಗಬೇಕಿಲ್ಲ. ಆದರೆ ಹೆಂಡತಿಗೂ ಸ್ವಂತ ಆಸರೆ ಬೇಕು. ಮನೆಯವರಿಗಾಗಿಯೇ 1951ರಿಂದ ಅಲ್-ಅನಾನ್ ಬಳಗಗಳಿವೆ. ನೆರವಿಗೆ 14446 ಎಂಬ ರಾಷ್ಟ್ರೀಯ ಉಚಿತ ಸಹಾಯವಾಣಿಯೂ ಇದೆ.

ತಂದೆ-ತಾಯಂದಿರಲ್ಲಿ ನಮ್ಮ ಕೋರಿಕೆ ಎರಡೇ. ಒಂದು ವರ್ಷ ಕಾಯಿರಿ. ಆಮೇಲೆ ಸಂಬಂಧ ನೋಡುವಾಗ, ನಿಶ್ಚಿತಾರ್ಥಕ್ಕೆ ಮೊದಲೇ, ಹುಡುಗಿಯ ಎದುರು ಕೂತು ಮಗನೇ ತನ್ನ ಬಾಯಿಂದ ಎಲ್ಲವನ್ನೂ ಹೇಳಲಿ. ಅದನ್ನು ಹೇಳುವ ಧೈರ್ಯ ಅವನಿಗಿನ್ನೂ ಬಂದಿಲ್ಲವೆಂದರೆ, ಮದುವೆಯ ಕಾಲವೂ ಬಂದಿಲ್ಲ.