ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು, ಹಾಲು ಆಗದವರಿಗೆ?

ಶ್ರೀಮತಿ ಲಕ್ಷ್ಮೀ ಹೆಬ್ಬಾಳಕರ ಅವರಿಗೆ,
ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವರು, ಕರ್ನಾಟಕ ಸರ್ಕಾರ



ನಾನು ಬೆಳಗಾವಿಯ ಖಾಸಬಾಗದ ನೇಕಾರ ಮನೆಯ ಸೊಸೆ. ತವರು ಖಾನಾಪುರ ತಾಲೂಕು. ನೀವು ಹುಟ್ಟಿದ ನೆಲವೂ ಅದೇ. ಆ ಸಲುಗೆಯಿಂದ ಬರೆಯುತ್ತಿದ್ದೇನೆ. ನಾಲ್ಕು ವರ್ಷದ ನನ್ನ ಮಗನಿಗೆ ಹಾಲಿನ ಅಲರ್ಜಿ.

ಏಳು ತಿಂಗಳ ಕೂಸಿದ್ದಾಗ ಮೊದಲ ಸಲ ಹಾಲನ್ನ ಉಣಿಸಿದೆವು. ತುಟಿ ಬಾತಿತು, ಮೈತುಂಬ ಗಂದೆ ಎದ್ದಿತು, ಉಸಿರು ಸುಂಯ್‌ಗುಟ್ಟತೊಡಗಿತು. ಮಗ್ಗ ಅಲ್ಲಿಗೇ ನಿಲ್ಲಿಸಿ ದವಾಖಾನೆಗೆ ಓಡಿದೆವು. “ಹಾಲಿಲ್ಲದ ಕೂಸು ಹೆಂಗ ಬೆಳೀತೈತಿ?” ಎಂದು ಅತ್ತೆ ಕಣ್ಣೀರು ಹಾಕಿದರು. ಓಣಿಯವರು “ಆಕಳದು ಆಗದಿದ್ರ ಎಮ್ಮಿದು ಕೊಡ್ರಿ” ಎಂದರು. ಅದನ್ನು ಕೇಳಿ ನಮ್ಮಣ್ಣ ಖಾನಾಪುರದಿಂದ ಎಮ್ಮೆ ಹಾಲಿನ ಕ್ಯಾನ್ ಹಿಡಿದುಕೊಂಡೇ ಬಂದ. ಇನ್ನೊಬ್ಬರು ಆಡಿನ ಹಾಲು ತಂದುಕೊಟ್ಟರು. ಎಲ್ಲರದೂ ಪ್ರೀತಿಯೇ. ಆದರೆ ಆಕಳು, ಎಮ್ಮೆ, ಆಡು ಮೂರರ ಹಾಲಿನ ಪ್ರೋಟೀನುಗಳೂ ಎಷ್ಟು ಹೋಲುತ್ತವೆಂದರೆ, ಒಂದು ಆಗದ ಮಗುವಿಗೆ ಸಾಮಾನ್ಯವಾಗಿ ಉಳಿದೆರಡೂ ಆಗುವುದಿಲ್ಲ. ಕುದಿಸಿದ ಮಾತ್ರಕ್ಕೆ ಅಪಾಯ ತಪ್ಪುವುದೂ ಇಲ್ಲ. ಅಣ್ಣನನ್ನು ಆ ಕ್ಯಾನಿನ ಜೊತೆ ಹಿಂದಕ್ಕೆ ಕಳಿಸಿದ್ದು ಈಗ ನೆನೆದರೂ ಕರುಳು ಚುರ್ ಎನ್ನುತ್ತದೆ.

ಹಾಲು ಅರಗದಿರುವುದು ಬೇರೆ, ಅಲರ್ಜಿ ಬೇರೆ. ಹಾಲಿನೊಳಗಿನ ಸಕ್ಕರೆ ಅರಗದಿದ್ದರೆ ಹೊಟ್ಟೆ ಉಬ್ಬುತ್ತದೆ, ಭೇದಿಯಾಗುತ್ತದೆ. ಅಲರ್ಜಿಯಲ್ಲಿ ಮೈಯ ರೋಗನಿರೋಧಕ ಶಕ್ತಿಯೇ ಹಾಲಿನ ಪ್ರೋಟೀನನ್ನು ವೈರಿಯೆಂದು ಬಗೆದು ತಿರುಗಿಬೀಳುತ್ತದೆ. ಜೀವಕ್ಕೆ ಕುತ್ತು ಬರುವುದು ಆಗಲೇ. ಹೆಸರಿಡುವ ಮನೆಯಲ್ಲಿ ಹಿರಿಯರೊಬ್ಬರು ಅಕ್ಕರೆಯಿಂದ ಬಾಯಿಗಿಟ್ಟ ಹಾಲಿನ ಸಿಹಿ ಕುಂದಾ ಚಿಟಿಕೆಯಷ್ಟೇ ಸಾಕಾಗಿತ್ತು, ನಾವು ಮತ್ತೆ ದವಾಖಾನೆ ಸೇರಲು. ಬೆಳಗಾವಿಯಲ್ಲಿ ಕುಂದಾ ಇಲ್ಲದ ಸಂತೋಷವೇ ಇಲ್ಲ.

2013ರ ಆಗಸ್ಟ್ 1ರಂದು ಮಕ್ಕಳಿಗೆ ಹಾಲು ಕೊಡುವ ಸರ್ಕಾರದ ಕ್ಷೀರಭಾಗ್ಯ ಯೋಜನೆ ಶುರುವಾಯಿತು. 18 ಗ್ರಾಂ ನಂದಿನಿ ಹಾಲಿನ ಪುಡಿಯಿಂದ ಕಾಯಿಸಿದ 150 ಮಿಲಿ ಹಾಲು, ಮೊದಲು ವಾರಕ್ಕೆ ಮೂರು ದಿನ, ಆಮೇಲೆ ಐದು ದಿನ. ಇದು ದೊಡ್ಡ ಕೆಲಸ. ಬರಿಹೊಟ್ಟೆಯಲ್ಲಿ ಬರುವ ಮಕ್ಕಳಿಗೆ ಆ ಲೋಟ ಏನೆಂಬುದನ್ನು ಈ ಓಣಿಯಲ್ಲೇ ಕಂಡಿದ್ದೇನೆ. ಆ ಲೋಟದಲ್ಲಿ ಒಂದು ಹನಿಯೂ ಕಡಿಮೆಯಾಗಬಾರದು.

ಆದರೆ ಶಾಲೆಯ ಬಿಸಿಯೂಟದಲ್ಲಿ ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಕೊಡುತ್ತಾರೆ. ಮನೆಯ ಆಚಾರವನ್ನು ಸರ್ಕಾರ ಅಷ್ಟು ಗೌರವಿಸುತ್ತದೆ, ಸರಿಯೇ. ಹಾಗಾದರೆ ಮೈಯೇ ಬೇಡವೆನ್ನುವ ಮಗುವಿಗೂ ಅದೇ ನ್ಯಾಯ ಸಿಗಬೇಕಲ್ಲವೇ? ಅಂಗನವಾಡಿಯಲ್ಲಿ ಉಳಿದವರು ಹಾಲು ಕುಡಿದು ಮುಗಿಸುವವರೆಗೆ ನನ್ನ ಮಗ ಬಾಗಿಲ ಬಳಿ ಕುಳಿತಿರುತ್ತಾನೆ. ಅಂಗನವಾಡಿಯ ಅಕ್ಕನವರು ಒಳ್ಳೆಯವರು, ನೆನಪಿಟ್ಟು ನೋಡಿಕೊಳ್ಳುತ್ತಾರೆ. ಅವರು ರಜೆ ಹಾಕಿದ ದಿನ ನಾನು ಮಗನನ್ನು ಕಳಿಸುವುದಿಲ್ಲ.

ಹೆಚ್ಚಿನ ಮಕ್ಕಳಲ್ಲಿ ದೊಡ್ಡವರಾಗುತ್ತ ಈ ಅಲರ್ಜಿ ತಾನಾಗಿ ಬಿಟ್ಟುಹೋಗುತ್ತದೆ ಎನ್ನುತ್ತಾರೆ ವೈದ್ಯರು. ಅಂದರೆ ಹೆಚ್ಚು ಎಚ್ಚರ ಬೇಕಾದ ವರ್ಷಗಳು ಅಂಗನವಾಡಿಯ ವರ್ಷಗಳೇ, ನಿಮ್ಮ ಇಲಾಖೆಯ ಮಡಿಲಲ್ಲಿ ಕಳೆಯುವ ವರ್ಷಗಳೇ. ದಾಖಲಾಗುವ ದಿನವೇ ಮಗುವಿಗೆ ಯಾವ ಆಹಾರ ಆಗದೆಂದು ಕೇಳಿ ಬರೆದುಕೊಳ್ಳಲಿ. ಆ ಮಗುವಿಗೆ ಬೇರೆ ಲೋಟ, ಬೇರೆ ಸೌಟು ಇರಲಿ. ತುಟಿ ಬಾತರೆ, ಉಸಿರು ಸಿಕ್ಕಿಕೊಂಡರೆ ತಡಮಾಡದೆ 108ಕ್ಕೆ ಕರೆ ಮಾಡಬೇಕೆಂದು ಪ್ರತಿ ಕಾರ್ಯಕರ್ತೆಗೂ ಸಹಾಯಕಿಗೂ ಕಲಿಸಿರಿ. ಅಂಥ ಹೊತ್ತಿನಲ್ಲಿ ಮೊದಲ ಮದ್ದು ತೊಡೆಗೆ ಕೊಡುವ ಅಡ್ರಿನಲಿನ್ ಇಂಜೆಕ್ಷನ್. ಅದೇನು ತುಟ್ಟಿಯ ಔಷಧಿಯಲ್ಲ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಸದಾ ಇರುವಂತೆ ಆರೋಗ್ಯ ಇಲಾಖೆಯ ಜೊತೆ ಮಾತಾಡಿರಿ. ಖಾನಾಪುರದ ಕಾಡಂಚಿನ ಊರುಗಳು ನಿಮಗೆ ಗೊತ್ತು. ಅಲ್ಲಿಂದ ಬೆಳಗಾವಿ ಮುಟ್ಟುವಷ್ಟು ಹೊತ್ತು ಅಂಥ ಮಗುವಿಗೆ ಇರುವುದಿಲ್ಲ.

ಉಳಿದ ಮಕ್ಕಳ ಕೈಗೆ ಹಾಲಿನ ಲೋಟ ಬರುವ ಹೊತ್ತಿಗೆ, ನೀರಿನಲ್ಲಿ ಕಾಯಿಸಿದ ಒಂದು ಲೋಟ ರಾಗಿ ಗಂಜಿ ನನ್ನ ಮಗನ ಕೈಗೂ ಬರುವಂತೆ ಆದೇಶ ಹೊರಡಿಸಿರಿ.

ಇಂತಿ,
ಖಾಸಬಾಗದ ಒಬ್ಬ ತಾಯಿ